ಬೋಧನಕ್ರಮವೂ ಉಪಾಧ್ಯಾಯರ ಕ್ಷೇಮವೂ

ವಿದ್ಯಾಭ್ಯಾಸವನ್ನು ಕುರಿತ ಗ್ರಂಥಗಳಲ್ಲಿ ಮಕ್ಕಳ ಕ್ಷೇಮದ ವಿಚಾರ ಬಹಳವಾಗಿಯೂ ಉಪಾಧ್ಯಾಯರ ಕ್ಷೇಮದ ವಿಚಾರ ಅತ್ಯಲ್ಪವಾಗಿಯೂ ಇರುವುದು ವಿದ್ವಾಂಸರಿಗೆ ತಿಳಿದ ವಿಷಯವೇ. ಗುರುವು ದಂಡಿಸತಕ್ಕವನು, ಶಿಷ್ಯನು ದಂಡನೆಗೆ ಒಳಗಾಗತಕ್ಕವನು ಎಂಬ ಭಾವನೆ ಬಹುಕಾಲದಿಂದ ಬೇರೂರಿದ್ದ ಕಾರಣ, ಶಿಷ್ಯರಿಂದ ಪೆಟ್ಟು ತಿಂದ ಉಪಾಧ್ಯಾಯನು ಲೋಕದ ಮರುಕಕ್ಕಿಂತ ಹೆಚ್ಚಾಗಿ ಹಾಸ್ಯಕ್ಕೇ ಪಾತ್ರನಾಗುತ್ತಿದ್ದನು. ತನಗಾದ ನೋವನ್ನು ಹೊರಗೆ ಹೇಳಿಕೊಂಡರೆ ತನ್ನ ಅಸಮರ್ಥತೆಯನ್ನು ತಾನೇ ಸಾರಿದಂತಾಗುವುದೆಂದು ಅವನು ಸುಮ್ಮನಿರುವುದೂ ಉಂಟು. ಈ ಮೌನವನ್ನು ಮುರಿದು ವಿಷಯವನ್ನು ಶಾಸ್ತ್ರೀಯ ಪರಿಶೀಲನೆಗೆ ತಂದವರಲ್ಲಿ, ಅಮೆರಿಕದ ನ್ಯೂಜರ್ಸಿ ಸಂಸ್ಥಾನದ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಶಾಲಾ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿ ಕೆಲಸಮಾಡಿರುವ ಲಿಂಡಾ ರೆಡ್ಡಿಯವರು ಒಬ್ಬರು. ಅವರ ಸಂಶೋಧನೆಗೆ ಎರಡು ಕವಲುಗಳುಂಟು. ಪಾಠ ನಡೆಯುತ್ತಿರುವಾಗ ಉಪಾಧ್ಯಾಯರು ಆಡುವ ಮಾತನ್ನೂ ಮಾಡುವ ಕೆಲಸವನ್ನೂ ಎಣಿಸಿ ತೂಗುವುದು ಒಂದು. ಉಪಾಧ್ಯಾಯರ ಮೇಲೆ ನಡೆಯುವ ಹಿಂಸೆಯ ಸ್ವರೂಪವನ್ನು ತಿಳಿಯುವುದು ಇನ್ನೊಂದು. ಈ ಎರಡಕ್ಕೂ ಇರುವ ಸಂಬಂಧವೆಷ್ಟು ದೃಢವಾದುದು ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ರೆಡ್ಡಿಯವರ ಮಾರ್ಗ ತೀರ ಹೊಸದಲ್ಲ. ಡೆಟ್ರಾಯಿಟ್ ನಗರದ ವೇನ್ ಸ್ಟೇಟ್ ವಿಶ್ವವಿದ್ಯಾನಿಲಯದ ಜೇಕಬ್ ಕೌನಿನ್ ಎಂಬ ಮನಶ್ಶಾಸ್ತ್ರಜ್ಞರು ಒಮ್ಮೆ ತಮ್ಮ ಉಪನ್ಯಾಸದಲ್ಲಿ ವೃತ್ತಪತ್ರಿಕೆಯನ್ನು ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಗದರಿಸಿದರು. ಗದರಿಕೆ ಒಬ್ಬನಿಗೆ ತಗುಲಿತು. ಆದರೆ ತಪ್ಪೇನನ್ನೂ ಮಾಡದ ಉಳಿದವರೂ ಮೈ ಬಿಗಿಹಿಡಿದು ಕುಳಿತರು. ಕೊಳಕ್ಕೆ ಬಿದ್ದ ಕಲ್ಲಿನ ಅಲೆ ದಡದವರೆಗೂ ಹಬ್ಬುವಂತೆ ಹಬ್ಬಿದ ಈ ಪರಿಣಾಮವೇ ಅವರ ಸಂಶೋಧನೆಗೆ ಬೀಜವಾಯಿತು. ಕೌನಿನ್ ಮತ್ತು ಗಂಪ್ ಅವರು 1961ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ದಂಡಿಸುವ ಸ್ವಭಾವದ ಉಪಾಧ್ಯಾಯರ ತರಗತಿಯ ಮಕ್ಕಳ ಮನಸ್ಸಿನಲ್ಲಿ ಕಲಿಕೆಗಿಂತ ಹೊಡೆದಾಟದ ಯೋಚನೆಯೇ ಹೆಚ್ಚಾಗಿ ಕಂಡುಬಂದುದನ್ನು ತೋರಿಸಿದರು. 1970ರಲ್ಲಿ ಹೊರಬಂದ ಕೌನಿನ್ನರ ಗ್ರಂಥದಲ್ಲಿ ಇದಕ್ಕಿಂತಲೂ ವಿಸ್ಮಯಕರವಾದ ನಿರ್ಣಯವಿದೆ. ತರಗತಿಗಳ ವೀಡಿಯೋ ಚಿತ್ರಗಳನ್ನು ಪರಿಶೀಲಿಸಿದಾಗ, ತಪ್ಪು ನಡೆದ ಮೇಲೆ ಉಪಾಧ್ಯಾಯರು ಹೇಗೆ ಗದರಿಸಿದರು ಎಂಬುದಕ್ಕೂ ಒಟ್ಟು ತರಗತಿಯ ನಡತೆಗೂ ಸಂಬಂಧವೇ ಕಾಣಲಿಲ್ಲ. ತರಗತಿಯ ಮೂಲೆಮೂಲೆಯಲ್ಲಿ ನಡೆಯುವುದರ ಅರಿವು, ಒಂದೇ ಕಾಲದಲ್ಲಿ ಎರಡು ಕೆಲಸಗಳಿಗೆ ಗಮನಕೊಡುವ ಶಕ್ತಿ, ಪಾಠ ಕಡಿದುಹೋಗದಂತೆ ಸಾಗಿಸುವ ಜಾಣ್ಮೆ ಇವುಗಳಿಗೇ ಆ ಸಂಬಂಧ ಕಂಡಿತು. ದಂಡದಲ್ಲಿ ಹತ್ತು ಗುಣಗಳಿವೆಯೆಂದು ನಂಬಿದವರು ಈ ನಿರ್ಣಯವನ್ನು ಗಮನಿಸತಕ್ಕದ್ದು.

ರೆಡ್ಡಿಯವರು ಈ ದಾರಿಯನ್ನೇ ಇನ್ನಷ್ಟು ಮುಂದುವರಿಸಿದ್ದಾರೆ. ಅವರೂ ಫಾಬಿಯಾನೋ, ಡುಡೆಕ್, ಹ್ಸು ಎಂಬವರೂ ಸೇರಿ 'ಸ್ಕೂಲ್ ಸೈಕಾಲಜಿ ಕ್ವಾರ್ಟರ್ಲಿ' ಎಂಬ ಪತ್ರಿಕೆಯಲ್ಲಿ 2013ರಲ್ಲಿ 'ಕ್ಲಾಸ್‌ರೂಮ್ ಸ್ಟ್ರಾಟೆಜೀಸ್ ಸ್ಕೇಲ್' ಎಂಬ ಅಳತೆಗೋಲನ್ನು ಕುರಿತು ಬರೆದರು. ಇದರಲ್ಲಿ ವೀಕ್ಷಕನು ಮೊದಲು ಎಣಿಸುತ್ತಾನೆ: ಪ್ರಶಂಸೆ ಎಷ್ಟು ಸಲ ಬಂದಿತು, ತಿದ್ದುವ ಮಾತು ಎಷ್ಟು, ಮಕ್ಕಳಿಗೆ ಉತ್ತರ ಹೇಳುವ ಅವಕಾಶ ಎಷ್ಟು, ಸ್ಪಷ್ಟವಾದ ಅಪ್ಪಣೆಗಳೆಷ್ಟು, ಅಸ್ಪಷ್ಟವಾದವೆಷ್ಟು. ಆಮೇಲೆ ಒಂದೊಂದು ಕ್ರಮವನ್ನೂ ಉಪಾಧ್ಯಾಯರು ಎಷ್ಟು ಸಲ ಬಳಸಿದರು, ಎಷ್ಟು ಸಲ ಬಳಸಬೇಕಾಗಿತ್ತು ಎಂದು ಎರಡು ಅಂಕಗಳನ್ನು ಕೊಡುತ್ತಾನೆ. ಈ ಎರಡರ ನಡುವಣ ಅಂತರವು ಹೆಚ್ಚಿದಷ್ಟೂ ಬದಲಾವಣೆಯ ಆವಶ್ಯಕತೆ ಹೆಚ್ಚೆಂದು ಭಾವ. ಹೀಗೆ ದೊರೆತ ಫಲವನ್ನು ಮುಂದಿಟ್ಟುಕೊಂಡು ಅನುಭವಶಾಲಿಯೊಬ್ಬನು ಉಪಾಧ್ಯಾಯರೊಡನೆ ಕುಳಿತು ತಿದ್ದಿಕೊಳ್ಳುವ ಬಗೆಯನ್ನು ಗೊತ್ತುಮಾಡುವ ಪದ್ಧತಿಯನ್ನೂ ಅವರು ರೂಪಿಸಿದ್ದಾರೆ.

ಈ ಅಳತೆಗೋಲಿನ ಗುಣವೇನೆಂದರೆ, ಅದು ಉಪಾಧ್ಯಾಯರ ಸ್ವಭಾವವನ್ನು ಬಿಟ್ಟು ಅವರ ಮಾತನ್ನು ಹಿಡಿಯುತ್ತದೆ. 'ಇವರಿಗೆ ತರಗತಿಯನ್ನು ಹಿಡಿತದಲ್ಲಿಡುವ ಶಕ್ತಿಯಿಲ್ಲ' ಎಂಬ ತೀರ್ಪಿನಿಂದ ಯಾರೂ ಉದ್ಧಾರವಾಗಲಾರರು. 'ಸರಿಯಾಗಿರಿ' ಎಂದು ಕೂಗುವುದಕ್ಕೆ ಬದಲಾಗಿ 'ಪುಸ್ತಕ ಮುಚ್ಚಿ, ಹಲಗೆಯ ಕಡೆ ನೋಡಿ' ಎನ್ನಬಹುದೆಂಬ ಸೂಚನೆಯನ್ನಾದರೋ ಮರುದಿನವೇ ಆಚರಣೆಗೆ ತರಬಹುದು. ಮೊದಲನೆಯ ಮಾತಿನಲ್ಲಿ ಕೋಪ ಮಾತ್ರ ಇದೆ. ಎರಡನೆಯದರಲ್ಲಿ ಮಾಡತಕ್ಕ ಕೆಲಸ ಇದೆ. ಬೋಧನೆಯ ಬಹುಭಾಗ ಭಾಷಾಪ್ರಯೋಗವೇ ಆಗಿರುವುದರಿಂದ, ಮಾತಿನ ಸ್ಪಷ್ಟತೆಗೆ ಇಷ್ಟು ಬೆಲೆ ಕೊಟ್ಟ ಈ ಶಾಸ್ತ್ರವು ಸಾಹಿತ್ಯದ ಅಧ್ಯಾಪಕರಿಗೆ ಪರಕೀಯವಾಗಬೇಕಾಗಿಲ್ಲ.

ಆದರೆ ಅವರಿಗೇ ಇದರ ಕೊರತೆಯೂ ಮೊದಲು ಕಾಣುವುದು. ಕಾವ್ಯಪಾಠದಲ್ಲಿ ಪದ್ಯವನ್ನು ಓದಿ ಮುಗಿಸಿದ ಮೇಲೆ ಒಂದು ಗಳಿಗೆ ಯಾರೂ ಮಾತನಾಡದಿರುವುದುಂಟು. ಆ ಮೌನದಲ್ಲಿ ಪ್ರಶ್ನೆಯಿಲ್ಲ, ಪ್ರಶಂಸೆಯಿಲ್ಲ, ಅಪ್ಪಣೆಯಿಲ್ಲ. ಎಣಿಕೆಯ ಪತ್ರದಲ್ಲಿ ಅದು ಶೂನ್ಯ. ರಸಜ್ಞನಿಗೆ ಅದೇ ಪಾಠದ ಫಲ. ಹಾಗೆಯೇ 'ಭೇಷ್' ಎಂಬ ಒಂದೇ ಮಾತು ಒಬ್ಬರ ಬಾಯಲ್ಲಿ ಪ್ರೋತ್ಸಾಹವಾಗಿಯೂ ಇನ್ನೊಬ್ಬರ ಬಾಯಲ್ಲಿ ವ್ಯಂಗ್ಯವಾಗಿಯೂ ಬರಬಹುದು. ಎಣಿಸುವವನಿಗೆ ಎರಡೂ ಒಂದೊಂದೇ. 'ಎಷ್ಟು ಬಳಸಬೇಕಾಗಿತ್ತು' ಎಂಬ ಅಂಕದಿಂದ ಈ ದೋಷಕ್ಕೆ ಸ್ವಲ್ಪಮಟ್ಟಿಗೆ ಪರಿಹಾರವುಂಟೆಂಬುದನ್ನು ಒಪ್ಪಲೇಬೇಕು. ಏಕೆಂದರೆ ಕೊರತೆಯಂತೆ ಅತಿಯೂ ಅಲ್ಲಿ ಅಂತರವಾಗಿಯೇ ಗಣನೆಗೆ ಬರುತ್ತದೆ. ಆದರೆ ಆಗ ಇಡೀ ಭಾರ ಬೀಳುವುದು ವೀಕ್ಷಕನ ವಿವೇಕದ ಮೇಲೆ. ವಿವೇಕಿಯ ಕೈಯಲ್ಲಿ ಅಂತರವು ಸಲಹೆ. ಅಧಿಕಾರಿಯೊಬ್ಬನು ಅದನ್ನೇ ಸಂಬಳಕ್ಕೂ ಬಡ್ತಿಗೂ ಆಧಾರಮಾಡಿಕೊಂಡರೆ ಅದೇ ದೋಷಾರೋಪಣೆ.

ಎರಡನೆಯ ಕವಲನ್ನು ಈಗ ನೋಡಬಹುದು. ಉಪಾಧ್ಯಾಯರ ಮೇಲಣ ಹಿಂಸೆಯನ್ನು ಪರಿಶೀಲಿಸಲು ಅಮೆರಿಕದ ಮನಶ್ಶಾಸ್ತ್ರ ಸಂಘವು ನಿಯಮಿಸಿದ ಮಂಡಲಿಯಲ್ಲಿ ರೆಡ್ಡಿಯವರೂ ಇದ್ದರು. ಆ ಮಂಡಲಿಯ ಸಮೀಕ್ಷೆಯ ಫಲವನ್ನು ಸೂಸನ್ ಮ್ಯಾಕ್‌ಮ್ಯಾಹನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. 48 ಸಂಸ್ಥಾನಗಳ 2,998 ಉಪಾಧ್ಯಾಯರು ಉತ್ತರವಿತ್ತಿದ್ದರು. ಅವರಲ್ಲಿ ಶೇಕಡ 80ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಹಿಂಸೆಗೆ ಗುರಿಯಾದುದಾಗಿಯೂ, ಶೇಕಡ 44ರಷ್ಟು ಮಂದಿ ದೈಹಿಕ ಆಕ್ರಮಣಕ್ಕೆ ಒಳಗಾದುದಾಗಿಯೂ ತಿಳಿಸಿದರು. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಹಿಂಸೆಯೆಂಬ ಒಂದೇ ಹೆಸರಿನ ಕೆಳಗೆ ಬೈಗುಳ, ವಸ್ತುಗಳ ಕಳವು, ಮೈಮೇಲಿನ ಹಲ್ಲೆ ಎಲ್ಲವೂ ಸೇರಿವೆ. ಅಲ್ಲದೆ ಉತ್ತರವಿತ್ತವರು ಸ್ವ ಇಚ್ಛೆಯಿಂದ ಇತ್ತವರು; ನೊಂದವರೇ ಮಾತನಾಡಲು ಮುಂದೆ ಬರುವುದು ಹೆಚ್ಚು. ಆದಕಾರಣ ಈ ಸಂಖ್ಯೆಯನ್ನು ದೇಶದ ಎಲ್ಲ ಉಪಾಧ್ಯಾಯರಿಗೂ ಅನ್ವಯಿಸುವುದು ಸಾಧುವಲ್ಲ. ಬಹುಸಂಖ್ಯೆಯ ಉಪಾಧ್ಯಾಯರು ತುಟಿ ಬಿಚ್ಚದೆ ಸಹಿಸಿದ ಸಂಗತಿಯೊಂದು ಉಂಟೆಂಬುದನ್ನಂತೂ ಅದು ನಿಸ್ಸಂದೇಹವಾಗಿ ಸ್ಥಾಪಿಸಿತು.

ಮಂಡಲಿಯು 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಿಂಸೆಯ ಕಾರಣಗಳನ್ನು ವ್ಯಕ್ತಿ, ತರಗತಿ, ಶಾಲೆ, ಸಮುದಾಯ ಎಂಬ ಹಲವು ಆವರಣಗಳಲ್ಲಿ ಹುಡುಕಬೇಕೆಂದು ಹೇಳಲಾಗಿದೆ. ಇದು ಸಮ್ಮತವಾದ ಮಾತು. ಆದರೆ ಈ ಆವರಣಗಳಲ್ಲಿ ರೆಡ್ಡಿಯವರ ಅಳತೆಗೋಲು ಮುಟ್ಟುವುದು ತರಗತಿಯೊಂದನ್ನೇ. ಅದು ಅಳೆಯುವುದು ಬೋಧನೆಯನ್ನು, ಕ್ಷೇಮವನ್ನಲ್ಲ. ಸಮೀಕ್ಷೆಯಾದರೋ ಕ್ಷೇಮವನ್ನು ವಿಚಾರಿಸಿತೇ ಹೊರತು ತರಗತಿಯೊಳಗೆ ಕುಳಿತು ಬೋಧನೆಯನ್ನು ನೋಡಲಿಲ್ಲ. ಉತ್ತಮ ಬೋಧನೆಯಿಂದ ಉಪಾಧ್ಯಾಯರಿಗೆ ರಕ್ಷೆಯುಂಟೆಂಬುದು ಯುಕ್ತಿಯುಕ್ತವಾದ ಊಹೆ. ಈ ಎರಡನ್ನು ಪಕ್ಕದಲ್ಲಿಟ್ಟ ಮಾತ್ರಕ್ಕೆ ಅದು ಸಿದ್ಧಾಂತವಾಗದು. ಇಲ್ಲೊಂದು ಅಪಾಯವೂ ಇದೆ. ಅಳೆಯಲು ಸಿಕ್ಕುವುದರ ತಲೆಗೇ ಹೊಣೆಯೆಲ್ಲವೂ ಬೀಳುವುದು ಲೋಕದ ರೂಢಿ. ತರಗತಿಯ ಇಕ್ಕಟ್ಟು, ಸಹಾಯಕರ ಅಭಾವ, ಮನೆಯಲ್ಲಿ ಮಗು ಕಂಡ ಕ್ರೌರ್ಯ ಇವು ಆ ಪತ್ರದಲ್ಲಿ ಬರುವುದಿಲ್ಲ. ಉಪಾಧ್ಯಾಯರು ಎಷ್ಟು ಸಲ ಹೊಗಳಿದರೆಂಬುದು ಬರುತ್ತದೆ. ಪೆಟ್ಟು ತಿಂದವರನ್ನು 'ನಿಮ್ಮ ಅಂತರ ಎಷ್ಟು?' ಎಂದು ಕೇಳಿದರೆ, ಮೊದಲು ಹೇಳಿದ ಆ ಹಳೆಯ ಮೌನವೇ ಹೊಸ ಹೆಸರಿನಿಂದ ಮರಳುವುದು.

ಈ ಅಪಾಯಕ್ಕೆ ಉತ್ತರವು ಮ್ಯಾಕ್‌ಮ್ಯಾಹನ್ನರೂ ರೆಡ್ಡಿಯವರೂ ಜೊತೆಗಾರರೂ ಕೂಡಿ ನಡೆಸಿದ ಎರಡನೆಯ ಸಮೀಕ್ಷೆಯಲ್ಲಿಯೇ ದೊರೆಯುವುದು ಸ್ವಾರಸ್ಯವಾದ ಸಂಗತಿ. 2020ರ ಜುಲೈಯಿಂದ 2021ರ ಜೂನ್‌ವರೆಗಿನ, ಎಂದರೆ ಕೋವಿಡ್ ಪಿಡುಗಿನ ಕಾಲದ, ಅನುಭವಗಳನ್ನು ಕುರಿತ ಈ ಸಮೀಕ್ಷೆಯಲ್ಲಿ 14,966 ಮಂದಿ ಭಾಗವಹಿಸಿದರು. ವರದಿ ಪ್ರಕಟವಾದುದು 2022ರಲ್ಲಿ. ವಿದ್ಯಾರ್ಥಿಗಳಿಂದ ದೈಹಿಕ ಹಿಂಸೆಗೆ ಒಳಗಾದೆವೆಂದು ಹೇಳಿದವರು ಉಪಾಧ್ಯಾಯರಲ್ಲಿ ಶೇಕಡ 14. ತರಗತಿಯ ಸಹಾಯಕರೇ ಮೊದಲಾದ ಸಿಬ್ಬಂದಿಯಲ್ಲಿ ಶೇಕಡ 22. ಪಾಠದ ಕ್ರಮವನ್ನು ಗೊತ್ತುಮಾಡುವ ಅಧಿಕಾರವಿಲ್ಲದೆ ಮಗುವಿನ ಪಕ್ಕದಲ್ಲಿ ಕುಳಿತು ದುಡಿಯುವವರು ಹೆಚ್ಚು ಪೆಟ್ಟು ತಿಂದರೆಂದಮೇಲೆ, ಬೋಧನಕ್ರಮವೊಂದೇ ಕ್ಷೇಮಕ್ಕೆ ಕಾರಣವೆಂಬ ವಾದ ನಿಲ್ಲಲಾರದು. ತಮ್ಮ ಒಂದು ಕೃತಿಯಲ್ಲಿ ಇರುವ ಕೊರತೆಯನ್ನು ತುಂಬುವ ಸಾಮಗ್ರಿಯನ್ನು ಇನ್ನೊಂದರಲ್ಲಿ ನಿರ್ವಂಚನೆಯಿಂದ ಮುಂದಿಟ್ಟಿರುವುದು ಸಂಶೋಧಕರಿಗೆ ಭೂಷಣವೇ ಸರಿ.

ಭಾರತದಲ್ಲಿ 2009ನೆಯ ಇಸವಿಯ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತವನ್ನು ಕೆಳಗಿಡಿಸಿದ ಶಾಸನವು, ಬರಿಗೈಯಲ್ಲಿ ತರಗತಿಯನ್ನು ಹೊಗುವ ಉಪಾಧ್ಯಾಯನು ಏನನ್ನು ನೆಚ್ಚಬೇಕೆಂಬುದನ್ನು ಹೇಳುವುದಿಲ್ಲ. ಹೇಳುವುದು ಶಾಸನದ ಕೆಲಸವೂ ಅಲ್ಲ. ಆ ಪ್ರಶ್ನೆಗೆ ಕೌನಿನ್ನರಿಂದ ರೆಡ್ಡಿಯವರವರೆಗೆ ಬಂದಿರುವ ಈ ಪರಂಪರೆಯು ಪೂರ್ಣವಾದುದಲ್ಲದಿದ್ದರೂ ಪ್ರಾಮಾಣಿಕವಾದ ಉತ್ತರವನ್ನು ಕೊಡುತ್ತದೆ. ಸ್ಪಷ್ಟವಾದ ಮಾತು, ಹೊತ್ತಿಗೆ ತಕ್ಕ ಪ್ರಶಂಸೆ, ಕಡಿಯದ ಪಾಠ ಇವುಗಳನ್ನು ಉಪಾಧ್ಯಾಯರಿಂದ ಬಯಸುವುದು ನ್ಯಾಯ. ಆದರೆ ಅವುಗಳನ್ನೆಲ್ಲ ನಡೆಸಿಯೂ ಪೆಟ್ಟು ತಿಂದವರ ಬಳಿಗೆ ಶಾಲೆಯೂ ಸಮಾಜವೂ ಅಳತೆಗೋಲನ್ನು ಹಿಡಿದು ಹೋಗದೆ ನೆರವನ್ನು ಹಿಡಿದು ಹೋಗಬೇಕಾದುದು ಅದಕ್ಕಿಂತಲೂ ದೊಡ್ಡ ನ್ಯಾಯ.