ಕನಗನಹಳ್ಳಿ ಅಮರಾವತಿಯ ನೆರಳಲ್ಲ

ಕನಗನಹಳ್ಳಿಯ ಮಾತೆತ್ತಿದರೆ ಸಾಕು, ‘ಅಮರಾವತಿ ಶೈಲಿಯದ್ದೇ, ಸ್ವಲ್ಪ ಒರಟು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ರೂಢಿ ಕಲಾ ಬರಹಗಳಲ್ಲಿ ಬೇರೂರಿದೆ. ಭೀಮೆ ಮಣ್ಣೂರನ್ನು ದಾಟಿ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಹರಿದು ಸನ್ನತಿ ಮುಟ್ಟುವಲ್ಲಿ ಎದ್ದು ನಿಂತಿದ್ದ ಕನಗನಹಳ್ಳಿಯ ಬೌದ್ಧ ಮಹಾಚೈತ್ಯವನ್ನು ಕೃಷ್ಣೆಯ ದಡದ ಅಮರಾವತಿಯ ಅಳತೆಗೋಲಿನಿಂದ ಅಳೆದು ಕೊಟ್ಟ ತೀರ್ಪು ಇದು. ಇದನ್ನು ಒಪ್ಪಲಾಗದು.

ಎರಡೂ ಕಡೆ ಕೆತ್ತಿದ್ದು ಸುಣ್ಣಕಲ್ಲಿನಲ್ಲೇ. ಅಮರಾವತಿಯ ಶಿಲ್ಪಿ ಆ ಕಲ್ಲಿನಲ್ಲಿ ಜನಜಂಗುಳಿಯನ್ನೇ ತುಂಬಿದ. ಬಾಗಿದ ಮೈಗಳು, ಒಂದರ ಮೇಲೊಂದು ಬೀಳುವ ಕೈಕಾಲುಗಳು. ಕೌಶಲ ದೊಡ್ಡದು, ಆದರೆ ಕಣ್ಣು ಎಲ್ಲೂ ತಂಗುವುದಿಲ್ಲ.

ಕನಗನಹಳ್ಳಿಯ ಅಶೋಕನ ಫಲಕದ ಎದುರು ಕಣ್ಣು ತಂಗುತ್ತದೆ. ನಿಂತಿರುವ ರಾಜ, ಪಕ್ಕದಲ್ಲಿ ರಾಣಿ, ಜೊತೆಗೆ ಛತ್ರ ಚಾಮರ ಹಿಡಿದ ಪರಿಚಾರಿಕೆಯರು. ಯುದ್ಧವಿಲ್ಲ, ಮೆರವಣಿಗೆಯಿಲ್ಲ. ಫಲಕದ ಮೇಲೆ ಬ್ರಾಹ್ಮಿಯಲ್ಲಿ ‘ರಾಯಾ ಅಸೋಕೋ’ ಎಂದಿದೆ. ಅಶೋಕ ಸತ್ತು ಶತಮಾನಗಳು ಕಳೆದ ಮೇಲಿನ ಕೆತ್ತನೆಯಿದು; ಮುಖ ಅವನದೇ ಎಂದು ಯಾರೂ ಆಣೆ ಮಾಡಬೇಕಿಲ್ಲ. ಭೀಮೆಯ ದಡದ ಜನ ಅವನನ್ನು ನೆನಪಿಟ್ಟುಕೊಂಡ ಬಗೆ ಇದು, ಮತ್ತು ಅದೇ ಇದರ ಹಿರಿಮೆ. 1915ರಲ್ಲಿ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರು ಸಿಕ್ಕಿತು. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಸೂರು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅವನದೇ ಶಾಸನವೆಂದು ಬಯಲಾಯಿತು. 1990ರ ದಶಕದ ಕನಗನಹಳ್ಳಿಯ ಅಗೆತದಲ್ಲಿ ಹೆಸರಿನೊಡನೆ ರೂಪವೂ ಬಂತು. ಮೂರೂ ಕಲ್ಯಾಣ ಕರ್ನಾಟಕದ ಕಲ್ಲುಗಳೇ.

ಅಶೋಕನೊಬ್ಬನೇ ಅಲ್ಲ. ಇತರ ಫಲಕಗಳಲ್ಲಿ ಶಾತವಾಹನ ದೊರೆ ಸಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆ ಅರ್ಪಿಸುತ್ತಾನೆ, ಪುಳುಮಾವಿ ಉಜ್ಜಯಿನಿಯನ್ನೇ ಬಿಟ್ಟುಕೊಡುತ್ತಾನೆ. ಈ ಚಿತ್ರಗಳಿಗೆ ಬರಹದ ಸಾಕ್ಷಿಯೂ ಇದೆ. ಈ ಶಿಲ್ಪಿಗೆ ಅಂದಗಾರಿಕೆಗಿಂತ ‘ಯಾರು, ಏನು ಮಾಡಿದರು’ ಎಂಬುದು ಮುಖ್ಯ.

ಇಂಥ ಕಲೆಗೆ ಜೊತೆ ಹುಡುಕಬೇಕಾದ್ದು ಮಧ್ಯ ಅಮೆರಿಕದ ಮಾಯಾ ನಗರಗಳಲ್ಲಿ. ಅಲ್ಲಿನ ಶಿಲೆಗಳ ಮೇಲಿನ ಆಕೃತಿಗಳನ್ನು ದೇವರು, ಪುರೋಹಿತರು ಎಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. 1960ರಲ್ಲಿ ಸಂಶೋಧಕಿ ತತಿಯಾನಾ ಪ್ರೊಸ್ಕೊರಿಯಾಕಾಫ್ ಪಿಯೆದ್ರಾಸ್ ನೆಗ್ರಾಸ್‌ನ ಶಿಲೆಗಳ ತೇದಿಗಳನ್ನು ಜೋಡಿಸಿ, ಅವು ಅರಸರ ಹುಟ್ಟು, ಪಟ್ಟಾಭಿಷೇಕಗಳ ಲೆಕ್ಕ ಎಂದು ತೋರಿಸಿದರು. ಪಲೆಂಕೆಯಲ್ಲಿ 683ರಲ್ಲಿ ತೀರಿಕೊಂಡ ಪಕಲ್ ಅರಸನ ಸಮಾಧಿ ಇಂದು ಜಗತ್ಪ್ರಸಿದ್ಧ. ಬರಹ ಮತ್ತು ಆಕೃತಿ ಒಂದೇ ಕಲ್ಲಿನಲ್ಲಿ ಕೂಡುವುದನ್ನು ಅಲ್ಲಿ ಸಾಧನೆ ಎನ್ನುವವರು ಇಲ್ಲಿ ಒರಟು ಎನ್ನುವುದು ಯಾವ ನ್ಯಾಯ?

ಅಮರಾವತಿಯ ಕಲ್ಲುಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಮದ್ರಾಸು, ಲಂಡನ್ನುಗಳ ವಸ್ತುಸಂಗ್ರಹಾಲಯ ಸೇರಿದವು. ನೋಡಿ ನೋಡಿ ಅದೇ ಮಾದರಿಯಾಯಿತು. ಒಂದು ಪೀಳಿಗೆಯ ಹಿಂದಷ್ಟೇ ಮಣ್ಣಿನಿಂದೆದ್ದ ಕನಗನಹಳ್ಳಿ ಅದರ ನಕಲಾಯಿತು. ಕನ್ನಡಿಗರ ಪಾಲೂ ಇದರಲ್ಲಿದೆ. ಬೇಲೂರು ಹಳೇಬೀಡಿನ ಕುಸುರಿಗೆ ಪಳಗಿದ ಕಣ್ಣು, ಆಭರಣದ ಎಳೆ ಎಣಿಸಲಾಗದ ಕಡೆ ಕಲೆಯಿಲ್ಲ ಎಂದುಕೊಳ್ಳುತ್ತದೆ. ಕಲಬುರಗಿ ಎಂದರೆ ಕೋಟೆ, ದರ್ಗಾ, ತೊಗರಿ ಎಂದಷ್ಟೇ ಪಟ್ಟಿ ಮಾಡುವವರು ಬಾದಾಮಿ, ಐಹೊಳೆಗಳಿಗಿಂತ ಶತಮಾನಗಳಷ್ಟು ಹಳೆಯ ಈ ಶಿಲ್ಪಪರಂಪರೆಯನ್ನು ಕನ್ನಡ ನಾಡಿನ ಕಲೆಯ ಮೊದಲ ಅಧ್ಯಾಯದಲ್ಲಿ ಸೇರಿಸಲಿ, ಅಮರಾವತಿಯ ಅಡಿಟಿಪ್ಪಣಿಯಲ್ಲಿ ಅಲ್ಲ.