ಹತ್ತೊಂಬತ್ತನೆಯ ಶತಮಾನದ ಅಚ್ಚುಚಿತ್ರಗಳಲ್ಲಿ ಗೃಹಿಣಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಲಚ್ಚಿನ ವರ್ಣಚಿತ್ರಗಳು ಭಾರತೀಯರ ಮನೆಗಳನ್ನು ಸೇರತೊಡಗಿದುವು. 1878ರಲ್ಲಿ ಕಲಕತ್ತಾ ಆರ್ಟ್ ಸ್ಟುಡಿಯೊ ಹಾಗೂ ಪುಣೆಯ ಚಿತ್ರಶಾಲಾ ಮುದ್ರಣಾಲಯಗಳೂ, 1894ರಲ್ಲಿ ಮುಂಬಯಿಯಲ್ಲಿ ರಾಜಾ ರವಿವರ್ಮನ ಮುದ್ರಣಾಲಯವೂ ಸ್ಥಾಪಿತವಾದುವು. ಬಣ್ಣಕ್ಕೊಂದರಂತೆ ಕಲ್ಲನ್ನು ಸಿದ್ಧಪಡಿಸಿ ಒಂದರ ಮೇಲೊಂದು ಒತ್ತುವ ಕ್ರಮದಿಂದ ಒಂದೇ ಚಿತ್ರದ ಅಸಂಖ್ಯ ಪ್ರತಿಗಳು ಅಲ್ಪ ಬೆಲೆಗೆ ದೊರೆಯುವಂತಾಯಿತು. ಇವನ್ನು ಅಂದಿನ ಸ್ತ್ರೀಯರ ಗೃಹಜೀವನಕ್ಕೆ ಸಾಕ್ಷಿಯೆಂದು ಬಗೆಯುವುದು ಸುಲಭ. ಆ ಸಾಕ್ಷ್ಯ ಎಷ್ಟರ ಮಟ್ಟಿಗೆ ನಂಬತಕ್ಕದ್ದೆಂಬುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬಾಳುವೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಚಿತ್ರಗಳನ್ನೇ ನೋಡೋಣ. ರವಿವರ್ಮನ ಶಕುಂತಲೆ ಒಂದೆಡೆ ಒರಗಿಕೊಂಡು ಪತ್ರ ಬರೆಯುತ್ತಾಳೆ. ಇನ್ನೊಂದೆಡೆ ಕಾಲಿನ ಮುಳ್ಳಿನ ನೆವದಿಂದ ಹಿಂದಿರುಗಿ ನೋಡುತ್ತಾಳೆ. ಮೋಹಿನಿ ಉಯ್ಯಾಲೆಯಲ್ಲಿ ತೂಗುತ್ತಾಳೆ. ಅವನ 1893ರ ತೈಲಚಿತ್ರವೊಂದರಲ್ಲಿ ತಾಯಿ ಕೂಸನ್ನೆತ್ತಿಕೊಂಡು, ಬರುತ್ತಿರುವ ತಂದೆಯತ್ತ ಕೈತೋರುತ್ತಾಳೆ. ತಂದೆ ಚಿತ್ರದೊಳಗಿಲ್ಲ, ಆದರೆ ಅವಳ ನಿಲುವೆಲ್ಲ ಅವನಿಗಾಗಿಯೇ. ಕಥೆ ಪುರಾಣದ್ದಾಗಲಿ ಮನೆಯದಾಗಲಿ, ಸ್ತ್ರೀಯ ಸ್ಥಿತಿ ಒಂದೇ: ವಿರಾಮ ಮತ್ತು ನಿರೀಕ್ಷೆ.

ಈಗ ನಮ್ಮ ಸೀಮೆಯತ್ತ ತಿರುಗೋಣ. ಅಂದು ನಿಜಾಮನ ರಾಜ್ಯದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಕೂಡಿ, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ನಾಡಿನಲ್ಲಿ ಗೃಹಿಣಿಯ ದಿನ ನಸುಕಿನಲ್ಲಿ ಬೀಸುವ ಕಲ್ಲಿನೊಡನೆ ಮೊದಲಾಗುತ್ತಿತ್ತು. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಊರುಗಳಲ್ಲಿ ಜೋಳ ಬೀಸಬೇಕು, ರೊಟ್ಟಿ ತಟ್ಟಬೇಕು. ಆನೆಗೊಂದಿಯ ಕಡೆ ವಿಜಯನಗರದ ಕಾಲುವೆಗಳ ಕೆಳಗೆ ನೆಲ್ಲು ಕುಟ್ಟಬೇಕು. ಎಲ್ಲೆಡೆಯೂ ನೀರು ಹೊರಬೇಕು. ಬೀಸುವ ಪದಗಳು ಹುಟ್ಟಿದ್ದು ಈ ದುಡಿಮೆಯ ಲಯದಲ್ಲಿ. ತವರಿನ ನೆನಪು, ಅತ್ತೆಮನೆಯ ಅಳಲು, ಮಕ್ಕಳ ಹರಕೆ ಎಲ್ಲವೂ ಅವುಗಳಲ್ಲಿ ಅವಳ ಬಾಯಿಂದಲೇ ಬಂದಿವೆ. ಅಚ್ಚುಚಿತ್ರಗಳ ಮನೆಯಲ್ಲಿ ಇಂಥ ಕಲ್ಲಿಗೆ ಸ್ಥಳ ದೊರೆತದ್ದು ಅಪರೂಪ.

ಉಡುಗೆಯ ವಿಷಯವೂ ವಿಚಾರಾರ್ಹ. ಅಚ್ಚುಚಿತ್ರದ ಸೀರೆ ಮೈಯ ಚೆಲುವನ್ನು ತೋರುವ ನೆರಿಗೆ ಮಾತ್ರ. ಕುಷ್ಟಗಿಯ ನೆರೆಯ ಇಳಕಲ್ಲಿನ ಸೀರೆಯಲ್ಲಾದರೋ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ತೋಪುತೆನೆಯ ಸೆರಗು ನೇಕಾರನ ಊರನ್ನೇ ಹೇಳುತ್ತದೆ. ಮದುವೆಯ ಚಂದ್ರಕಾಳಿ ಸೀರೆಯ ಮೇಲೆ ಹೆಣ್ಣುಮಕ್ಕಳು ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳಿಂದ ಕಸೂತಿ ಹಾಕುತ್ತಿದ್ದರು. ಅಲ್ಲಿ ಮೂಡುವವು ಗೋಪುರ, ತೇರು, ಆನೆ, ತುಳಸಿಕಟ್ಟೆ, ತೊಟ್ಟಿಲು. ತನ್ನ ಜಗತ್ತಿನಲ್ಲಿ ಚಿತ್ರಿಸತಕ್ಕದ್ದು ಯಾವುದೆಂಬುದನ್ನು ಇಲ್ಲಿ ಆರಿಸಿದವಳು ಗೃಹಿಣಿಯೇ. ಅಚ್ಚುಚಿತ್ರದಲ್ಲಿ ಅವಳು ನೋಟಕ್ಕೆ ವಸ್ತು. ಕಸೂತಿಯಲ್ಲಿ ಅವಳೇ ಚಿತ್ರಕಾರ್ತಿ.

ಪೌರಾಣಿಕ ಚಿತ್ರದಲ್ಲಿ ಒನಕೆಯನ್ನು ಹುಡುಕುವುದು ನ್ಯಾಯವೇ ಎಂಬ ಆಕ್ಷೇಪಕ್ಕೆ ಎಡೆಯುಂಟು. ಕಲಾವಿದನು ಅದನ್ನು ಬರೆಯದಿದ್ದುದು ದೋಷವಲ್ಲ. ಅವನ ಚಿತ್ರದಿಂದ ದಿನಚರಿಯನ್ನು ಊಹಿಸುವವನದೇ ದೋಷ. ಅಲ್ಲದೆ ಈ ಚಿತ್ರಗಳಿಗೆ ಬೇರೊಂದು ಬಗೆಯ ಪ್ರಾಮಾಣ್ಯವಿದೆ. ಸೀರೆಯುಟ್ಟು ಕಮಲದ ಮೇಲೆ ನಿಂತ ರವಿವರ್ಮನ ಲಕ್ಷ್ಮಿ ದೇವರ ಗೂಡನ್ನು ಸೇರಿ, ಕುಂಕುಮ ಹೂಗಳನ್ನು ಪಡೆದಳು. ಗುಡಿಯ ಗರ್ಭಗೃಹಕ್ಕೆ ಪ್ರವೇಶವಿಲ್ಲದ ಕುಲಗಳ ಸ್ತ್ರೀಯರಿಗೂ ದೇವಿಯ ಮುಖ ಮನೆಯಲ್ಲೇ ಹತ್ತಿರದಿಂದ ಕಾಣುವಂತಾದದ್ದು ಸಾಮಾನ್ಯ ಸಂಗತಿಯಲ್ಲ. ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ದೇವತಾಮೂರ್ತಿಗಳನ್ನು ಕೆತ್ತಿ ಬಣ್ಣವಿಡುತ್ತ ಬಂದ ಈ ಸೀಮೆಗೆ ಬಣ್ಣದ ದೇವತೆ ಹೊಸಬಳಲ್ಲ. ದೂರದ ಯಂತ್ರದಿಂದ ಕಾಗದದ ಮೇಲೆ ಬಂದವಳು ಹೊಸಬಳು.

ಆದಕಾರಣ ಅಚ್ಚುಚಿತ್ರಗಳನ್ನು ಗೃಹಜೀವನದ ಪ್ರತಿಬಿಂಬವೆಂದಲ್ಲ, ಗೃಹದೊಳಗಿನ ಒಂದು ವಸ್ತುವೆಂದು ಅಭ್ಯಸಿಸಬೇಕು. ಚಿತ್ರ ಯಾವ ಗೋಡೆಯಲ್ಲಿತ್ತು, ಯಾರು ಅದಕ್ಕೆ ಕೈಮುಗಿದರು ಎಂಬುದನ್ನು ವಿಚಾರಿಸಬೇಕು. ಗೃಹಿಣಿಯ ದುಡಿಮೆಯನ್ನೂ ಮನಸ್ಸನ್ನೂ ತಿಳಿಯಲು ಪದವನ್ನೂ ಕಸೂತಿಯನ್ನೂ ಚಿತ್ರದ ಜೊತೆಗಿರಿಸಿ ಓದತಕ್ಕದ್ದು. ಬೀಸುವ ಕಲ್ಲುಗಳು ಹಿತ್ತಿಲು ಸೇರಿ, ಪದ ಬಲ್ಲ ಮುದುಕಿಯರು ವಿರಳರಾಗುತ್ತಿರುವಾಗ ಈ ಸಂಗ್ರಹಕಾರ್ಯವನ್ನು ಮುಂದೂಡುವಂತಿಲ್ಲ.