ಕುಲದ ಋಣ, ಸ್ವಂತ ಹೊಣೆ: ಒಟ್ರಾಂಟೊ ಮತ್ತು ಕಂಪಿಲಿ

ಹೊರೇಸ್ ವಾಲ್ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' 1764ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನ ಗಾಥಿಕ್ ಕಾದಂಬರಿಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುವುದು ರೂಢಿ. ಹಿರಿಯರ ಪಾಪ ಮಕ್ಕಳು ಮೊಮ್ಮಕ್ಕಳನ್ನು ಕಾಡುತ್ತದೆಂಬುದು ಕಥೆಯ ನೀತಿ; ಇದಕ್ಕಿಂತ ಉಪಯುಕ್ತವಾದ ನೀತಿಯಿದ್ದರೆ ಲೇಸಾಗುತ್ತಿತ್ತೆಂದು ಮೊದಲ ಮುದ್ರಣದ ಮುನ್ನುಡಿಯೇ ಒಪ್ಪಿಕೊಂಡಿದೆ. ಆದರೆ ಕಥೆ ತನ್ನ ಮುನ್ನುಡಿಯನ್ನು ಮೀರಿ ನಡೆಯುತ್ತದೆ.

ಮಾನ್‌ಫ್ರೆಡನ ತಾತ ತನ್ನ ಒಡೆಯನಿಗೆ ವಿಷವಿಕ್ಕಿ ರಾಜ್ಯವನ್ನು ಅಪಹರಿಸಿದವನು. ಆ ಪಾಪ ಮೊಮ್ಮಗನದಲ್ಲ. ಆದರೆ ಮದುವೆಯ ದಿನವೇ ಮಗ ಸತ್ತಾಗ, ವಂಶ ಉಳಿಯಬೇಕೆಂಬ ನೆವದಿಂದ ಪತ್ನಿಯನ್ನು ತ್ಯಜಿಸಿ, ಸೊಸೆಯಾಗಬೇಕಿದ್ದ ಇಸಬೆಲ್ಲಳನ್ನು ತಾನೇ ವರಿಸಲು ಹೊರಡುವವನು ಮಾನ್‌ಫ್ರೆಡನೇ. ಚರ್ಚಿನ ಮಬ್ಬುಬೆಳಕಿನಲ್ಲಿ ಇಸಬೆಲ್ಲಳೆಂದು ಬಗೆದು ಸ್ವಂತ ಮಗಳು ಮಟಿಲ್ಡಳನ್ನು ಇರಿದ ಕೈಯೂ ಅವನದೇ. ಕುಲದ ಋಣವೆಂಬ ಮಾತು ಅವನಿಗೆ ಸ್ವಂತ ಹೊಣೆಯನ್ನು ಮರೆಸುವ ಪರದೆ. ಪತ್ನಿ ಹಿಪ್ಪೊಲಿಟಳಾದರೋ ಸತಿಧರ್ಮವೆಂದು ಪರಿತ್ಯಾಗಕ್ಕೂ ತಲೆಬಾಗುತ್ತಾಳೆ; ಆ ತಾಳ್ಮೆ ಅನ್ಯಾಯದ ದಾರಿಯನ್ನು ಸುಗಮಗೊಳಿಸುತ್ತದೆ.

ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ವಿದ್ಯಾರ್ಥಿಗಳಿಗೆ ಇದು ಪರದೇಶದ ಕಥೆಯೆನಿಸಬೇಕಾಗಿಲ್ಲ. ನೆರೆಯ ಕಂಪ್ಲಿಯೇ ಹಿಂದಿನ ಕಂಪಿಲಿ. ಅಲ್ಲಿನ ಕುಮಾರರಾಮನ ಚರಿತ್ರೆಯನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ರಚಿಸಿದ್ದಾನೆ. ಮಲತಾಯಿ ರತ್ನಾಜಿಯ ಮೋಹವನ್ನು ರಾಮ ನಿರಾಕರಿಸುತ್ತಾನೆ. ಅವಳು ಹೊರಿಸಿದ ಅಪವಾದವನ್ನು ನಂಬಿ ತಂದೆ ಕಂಪಿಲರಾಯನೇ ಮಗನ ವಧೆಗೆ ಆಜ್ಞೆ ಮಾಡುತ್ತಾನೆ. ಎರಡು ಕಥೆಗಳಲ್ಲಿಯೂ ತಂದೆಯ ಕುರುಡುತನ ಒಂದೇ. ವ್ಯತ್ಯಾಸವಿರುವುದು ಮಂತ್ರಿ ಬೈಚಪ್ಪನಲ್ಲಿ. ಅವನು ಆಜ್ಞೆಯನ್ನು ಪಾಲಿಸಿದಂತೆ ನಟಿಸಿ, ಬೇರೊಂದು ತಲೆಯನ್ನು ತೋರಿಸಿ, ರಾಮನನ್ನು ಗುಪ್ತವಾಗಿ ಉಳಿಸುತ್ತಾನೆ. ಇತಿಹಾಸದ ಕಂಪಿಲಿ 1327ರಲ್ಲಿ ದೆಹಲಿಯ ಸೈನ್ಯಕ್ಕೆ ವಶವಾಯಿತು. ಕಾವ್ಯದಲ್ಲಿ ಆ ಸೈನ್ಯ ಬಂದಾಗ ರಾಜ್ಯದ ರಕ್ಷಣೆಗೆ ನಿಂತವನು ತಂದೆ ಕೊಲ್ಲಿಸಿದೆನೆಂದುಕೊಂಡಿದ್ದ ಮಗನೇ. ಅರಸನ ಮಾತನ್ನು ಮೀರಿದವನಿಂದಲೇ ಅರಸುಮನೆತನಕ್ಕೆ ಉಪಕಾರವಾಯಿತು.

ಹಾಗೆಂದು ಬೈಚಪ್ಪನನ್ನು ನಿಷ್ಕಳಂಕನೆನ್ನುವಂತಿಲ್ಲ. ಅರಸನಿಗೆ ತೋರಿಸಿದ ಆ ತಲೆಯೂ ಒಬ್ಬ ತಾಯಿಯ ಮಗನದು. ಹೊಣೆಯನ್ನು ಹೊತ್ತವನಿಗೆ ಪಾಪದ ಲೇಪವೂ ತಪ್ಪಲಿಲ್ಲವೆಂಬುದನ್ನು ವಿಮರ್ಶಕ ಮರೆಯಬಾರದು.

ಮಾನ್‌ಫ್ರೆಡನೂ ಕೊನೆಗೆ ತಾತನ ಅಪರಾಧವನ್ನು ಬಾಯಿಬಿಟ್ಟು ಹೇಳಿ, ರಾಜ್ಯವನ್ನು ತೊರೆದು, ವಿರಕ್ತನಾಗುತ್ತಾನೆ. ಆ ಮಾತು ಒಂದು ದಿನ ಮೊದಲೇ ಹೊರಬಿದ್ದಿದ್ದರೆ ಮಟಿಲ್ಡ ಬದುಕುತ್ತಿದ್ದಳು. ಕುಲದ ಪಾಪ ಹುಟ್ಟಿನೊಡನೆ ಬರಬಹುದು. ಅದನ್ನು ಮುಂದುವರಿಸುವುದೋ ನಿಲ್ಲಿಸುವುದೋ ಎಂಬ ನಿರ್ಧಾರ ಮಾತ್ರ ಬದುಕಿರುವವನದು.